ಬೀಗರ ಬಾವಿಯ ನೀರು

ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ಕುರ್ಚಿ ಇತ್ತು, ಏಸಿ ಇತ್ತು, ಕಾಯಂ ನೌಕರಿಯ ಆದೇಶವಿತ್ತು. ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಮೊದಮೊದಲು ಗೂಡಿನಲ್ಲಿ ಸುಟ್ಟು ಗಂಟೆಗೊಮ್ಮೆ ಬರುವ ಸುಣ್ಣದ ಕಲ್ಲಿನ ಉಂಡೆಗಳನ್ನು, ಅಂದರೆ ಕ್ಲಿಂಕರನ್ನು ಅರೆದು, ಕಾಯಿಸಿ, ಸೋಸಿ, ಅದರಲ್ಲಿ ಸುಣ್ಣ ಎಷ್ಟು ಹಸಿಯಾಗಿ ಉಳಿದಿದೆ ಎಂದು ನಾವೇ ಹನಿ ಬಿಟ್ಟು ಅಳೆಯುವ ಬ್ಯುರೆಟ್ ಹಿಡಿದು ಹೇಳಬೇಕಿತ್ತು. ಈಗ ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಎಕ್ಸ್‌ರೇ ಯಂತ್ರದೊಳಗೆ ಇಟ್ಟರಾಯಿತು, ಅಂಕಿಗಳು ತಾವೇ ಪರದೆಯ ಮೇಲೆ ಬರುತ್ತವೆ, ತಾವೇ ಕಂಟ್ರೋಲ್ ರೂಮಿಗೂ ಹೋಗುತ್ತವೆ. ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದವಳು ಪಾಳಿಗೆ ಎಂಟು ಬಿಲ್ಲೆ ಒತ್ತುತ್ತಿದ್ದೆ. ಹಪ್ಪಳ ಒತ್ತಿದ್ದರೆ ಕರಿದು ತಿನ್ನಲಿಕ್ಕಾದರೂ ಬರುತ್ತಿತ್ತು ಎಂದು ನಾನೇ ನಗೆಯಾಡುತ್ತಿದ್ದೆ.

ಹೀಗಿರುವಾಗ ಸೇಡಂ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಸರ್ ಫೋನ್ ಮಾಡಿದರು. ನಿವೃತ್ತರಾಗಿ ಸುಮ್ಮನೆ ಕೂರುವವರಲ್ಲ. ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಚಿತ್ತಾಪುರದಲ್ಲಿ ಹಳ್ಳಿಗಳ ಕುಡಿಯುವ ನೀರು ಪರೀಕ್ಷಿಸುವ ಸಣ್ಣ ಲ್ಯಾಬ್ ತೆರೆದಿದ್ದರು.

"ಏನವಾ, ಇನ್ನೂ ಬಿಲ್ಲಿ ಒತ್ತಲಿಕತ್ತೀ ಏನು?" ಎಂದರು. "ಇಲ್ಲಿ ಲ್ಯಾಬ್ ನೋಡ್ಕೊಳ್ಳಲಿಕ್ಕ ಒಬ್ಬರು ಬೇಕಾಗ್ಯಾರ. ಬರ್ತಿ?"

"ಪಗಾರ ಎಷ್ಟ್ರಿ ಸರ್?"

"ಅದನ್ನ ಹೇಳಿದ್ರ ನೀ ಫೋನ್ ಇಡ್ತಿ. ಮೊದಲ ಕೆಲಸ ಕೇಳು."

ಕೆಲಸ ಕೇಳಿದೆ, ಆಮೇಲೆ ಪಗಾರವನ್ನೂ ಕೇಳಿದೆ. ನನ್ನ ಸಂಬಳದ ಅರ್ಧಕ್ಕಿಂತ ಕಡಿಮೆ. ಅದೂ ವರ್ಷ ವರ್ಷಕ್ಕೆ ಕರಾರು. ಫೋನ್ ಇಡಲಿಲ್ಲ, ಆದರೆ ಹೂಂ ಎನ್ನಲೂ ಇಲ್ಲ.

ಮನೆಯ ಪರಿಸ್ಥಿತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನವರು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಆರ್ಡರ್ ಇದ್ದರೆ ಕೆಲಸ, ಇಲ್ಲದಿದ್ದರೆ ಮನೆ. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮಗಳು ಓದುತ್ತಿದ್ದದ್ದು ಕಾಲೊನಿಯ ಶಾಲೆಯಲ್ಲಿ, ಒಂಬತ್ತನೇ ತರಗತಿ. ನಾನು ನೌಕರಿ ಬಿಟ್ಟರೆ ಎರಡು ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು, ಮಗಳು ಹತ್ತನೇ ತರಗತಿಯ ಹೊಸ್ತಿಲಲ್ಲಿ ಶಾಲೆ ಬಿಡಬೇಕು. ನನ್ನ ಒಂದು ಸಹಿಗೆ ಇವೆಲ್ಲ ಗಂಟು ಬಿದ್ದಿದ್ದವು.

ನನ್ನವರು ಸಿಟ್ಟು ಮಾಡಲಿಲ್ಲ. "ಕಲ್ಲಿನ ಧಂದಾ ಇವತ್ತದ, ನಾಳಿಗಿಲ್ಲ. ಮನ್ಯಾಗ ಒಬ್ಬರದಾದ್ರೂ ಗಟ್ಟಿ ಇರ್ಬೇಕಲ್ಲ?" ಎಂದಷ್ಟೇ ಕೇಳಿದರು. ನನಗೆ ಹತ್ತು ದಿನದ ರಜೆ ಉಳಿದಿತ್ತು. ರಜೆ ಹಾಕಿ ಹೋಗಿ ಕೆಲಸ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ಸರ್‌ಗೆ ತಿಳಿಸಿದೆ. "ಹೆಣ್ಣು ನೋಡಲಿಕ್ಕ ಬಂದಂಗ ಬಾ. ಉಪ್ಪಿಟ್ಟು ನಾ ಕೊಡ್ತೀನಿ," ಎಂದರು.

ಲ್ಯಾಬ್ ಎಂದರೆ ಎರಡು ಕೋಣೆ. ಬಣ್ಣ ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್, ಎರಡು ಬ್ಯುರೆಟ್, ಒಂದು ತಕ್ಕಡಿ, ಕಪಾಟಿನ ತುಂಬ ಬಾಟಲಿಗಳು. ಕಾರ್ಖಾನೆಯಲ್ಲಿ ಗಾಜಿನ ಸಾಮಾನು ತೊಳೆಯಲಿಕ್ಕೆ ಒಬ್ಬನಿದ್ದ. ಇಲ್ಲಿ ನಾನೇ. ಮೊದಲ ದಿನವೇ ಮುಗ್ಗರಿಸಿದೆ. ಫ್ಲೋರೈಡ್ ಪರೀಕ್ಷೆಗೆ ಒಂದು ಕೆಂಪು ದ್ರಾವಣ ಹಾಕುತ್ತೇವೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ತಿಳಿಯಾಗುತ್ತದೆ, ಎಷ್ಟು ತಿಳಿಯಾಯಿತು ಎಂದು ಯಂತ್ರ ಅಳೆಯುತ್ತದೆ. ಹೋಲಿಕೆಗೆ ಇಟ್ಟ ಶುದ್ಧ ನೀರಿನಲ್ಲೇ ಬಣ್ಣ ತಿಳಿಯಾಗಿ ಕೂತಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಕೊನೆಗೆ ನೋಡಿದರೆ, ನೀರು ಭಟ್ಟಿ ಇಳಿಸುವ ಯಂತ್ರ ಕೆಟ್ಟದ್ದರಿಂದ ಯಾರೋ ಬ್ಯಾಟರಿ ಅಂಗಡಿಯ ನೀರು ತಂದಿಟ್ಟಿದ್ದರು, ಅದು ಹೆಸರಿಗೆ ಮಾತ್ರ ಶುದ್ಧ. ಬಸ್ಸು ಹಿಡಿದು ಸೇಡಂ ಕಾಲೇಜಿಗೆ ಹೋಗಿ ಎರಡು ಕ್ಯಾನ್ ಒಳ್ಳೆಯ ನೀರು ಹೊತ್ತು ತಂದೆ. ಭುಜ ನೋಯುತ್ತಿತ್ತು, ಆದರೆ ಎಷ್ಟೋ ವರ್ಷದ ಮೇಲೆ ಒಂದು ತಪ್ಪನ್ನು ನಾನೇ ಹುಡುಕಿದ್ದೆ. ಆ ದಿನ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಮೂರನೆಯ ದಿನ ಸರ್ ನನ್ನನ್ನು ಒಂದು ಊರಿಗೆ ಕರೆದುಕೊಂಡು ಹೋದರು. ಊರಿನ ಹೆಸರು ಹೇಳುವುದಿಲ್ಲ. ದಂಡೋತಿಯಿಂದ ಒಂದಿಷ್ಟು ದೂರ ಎಂದರೆ ಸಾಕು. ಹೆಸರು ಹೇಳಿದರೆ ಆ ಊರಿಗೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡಿಯಾರು. ಅಲ್ಲಿ ಶಾಲೆಯ ಮುಂದೆ ಊಟದ ಬಿಡುವಿನಲ್ಲಿ ಮಕ್ಕಳು ಆಡುತ್ತಿದ್ದರು. ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಕಂಡವು. ಒಬ್ಬರಿಗಲ್ಲ, ಹೆಚ್ಚುಕಡಿಮೆ ಎಲ್ಲರಿಗೂ. ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹಾಗಾಗುತ್ತದೆ.

"ನೋಡಿದಿಯಲ್ಲ?" ಎಂದರು ಸರ್. "ಆದ್ರ ಒಂದು ವರ್ಷದಿಂದ ಈ ಊರ ಬಾಟ್ಲಿ ಬರ್ತಾವ, ಎಲ್ಲಾ ರಿಪೋರ್ಟೂ ಚಲೋನ ಅವ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ಇಲ್ಲಿ ಎರಡೂ ಮಾಡಿದ್ರೂ ತಾಳೆ ಆಗವಲ್ದು."

ಊರಲ್ಲಿ ಕುಡಿಯುವ ನೀರಿನ ಜಾಗ ಮೂರು: ಟ್ಯಾಂಕಿಗೆ ನೀರೆತ್ತುವ ಬೋರ್‌ವೆಲ್, ಊರಬಾಗಿಲು ಅಗಸಿ ಹತ್ತಿರದ ಕೈಪಂಪು, ಶಾಲೆ ಮುಂದಿನ ಕೈಪಂಪು. ಪಂಚಾಯ್ತಿಯ ವಾಟರ್‌ಮನ್ ಅರವತ್ತರ ಆಸುಪಾಸಿನ ಮನುಷ್ಯ, ತಲೆಗೆ ರುಮಾಲು, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ. ನಮ್ಮನ್ನು ನೋಡಿದವನೇ ಹತ್ತಿರದ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿಸಿದ.

"ಬರ್ರಿ ಮೇಡಂ, ಕುಂದ್ರಿ. ಬಿಸಲು ಭಾಳ ಅದ. ಮೂರೂ ಕಡೆ ನೀವ್ಯಾಕ ಅಡ್ಡಾಡ್ತೀರಿ? ಬಾಟ್ಲಿ ಕೊಡ್ರಿ, ನಾ ತುಂಬ್ಕೊಂಡು ಬರ್ತೀನಿ."

ಆ ಮನೆಯಾಕೆ ಬೆಲ್ಲ, ನೀರು ತಂದಿಟ್ಟಳು. ಸರ್ ಮಡಿವಂತರು. ತಮ್ಮ ಚಂಬಿನ ನೀರು ಬಿಟ್ಟು ಹೊರಗೆ ಹನಿ ಮುಟ್ಟುವವರಲ್ಲ. ನಾನು ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಬಾಟಲಿಗಳನ್ನು ಅವನ ಕೈಗೆ ಕೊಟ್ಟೆ. ಇಲ್ಲೇ ನನ್ನ ತಪ್ಪು. ನೀರನ್ನು ಐದು ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಪರೀಕ್ಷೆ ಮಾಡುವವರೇ ನಿಂತು ತುಂಬಬೇಕು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ. ಆದರೆ ಕಾರ್ಖಾನೆಯಲ್ಲಿ ಸ್ಯಾಂಪಲ್ ನನ್ನ ಮೇಜಿಗೆ ತಾನಾಗಿ ಬರುತ್ತಿತ್ತು. ಕೂತಲ್ಲಿಗೆ ತರಿಸಿಕೊಳ್ಳುವ ಚಾಳಿ ಮೈಗೆ ಹತ್ತಿತ್ತು. ಅವನು ತಿರುಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಸಣ್ಣ ಊರಿನಲ್ಲಿ ಅಷ್ಟು ಹೊತ್ತು ಯಾಕೆ ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಮರುದಿನ ಪರೀಕ್ಷೆಗೆ ಕೂತೆ. ಗಡಸುತನ ಅಳೆಯುವಾಗ ದ್ರಾಕ್ಷಿ ಬಣ್ಣದ ನೀರು ನೀಲಿಗೆ ತಿರುಗುವ ಆ ಒಂದು ಹನಿಗಾಗಿ ಕಾಯಬೇಕು. ಅದೇ ದ್ರಾವಣ, ಅದೇ ಬಣ್ಣ, ಸುಣ್ಣದ ಕಲ್ಲಿಗೂ ಬಳಸಿದ್ದೆ. ಕೈ ಮರೆತಿರಲಿಲ್ಲ. ಮೊದಲ ಬಾಟಲಿ ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದೂ ಅದೇ ಗೆರೆಗೆ ಬಂದು ನಿಂತಾಗ ನಾನು ಬ್ಯುರೆಟ್ ಬಿಟ್ಟು ಕೂತೆ. ಕ್ಲೋರೈಡ್ ನೋಡಿದೆ. ಮೂರೂ ಒಂದೇ. ಫ್ಲೋರೈಡ್ ಮೂರರಲ್ಲೂ ಮಿತಿಯ ಒಳಗೆ, ಮೂರೂ ಒಂದೇ.

ಕಾರ್ಖಾನೆಯಲ್ಲಿ ಕಲಿತ ಒಂದು ಪಾಠ ಇಲ್ಲಿ ಕೆಲಸಕ್ಕೆ ಬಂತು. ಮೂರು ಗಂಟೆಯ ಮೂರು ಸ್ಯಾಂಪಲ್ ಒಂದೇ ಅಂಕಿ ಕೊಟ್ಟರೆ ಗೂಡು ಚೆನ್ನಾಗಿ ಉರಿಯುತ್ತಿದೆ ಎಂದಲ್ಲ, ಸ್ಯಾಂಪಲ್ ತರುವವನು ಒಂದೇ ಸಲ ಮೂರು ಚೀಲ ತುಂಬಿಟ್ಟು ಮಲಗಿದ್ದಾನೆ ಎಂದು ಅರ್ಥ. ವಾಟರ್‌ಮನ್ ನನಗೆ ಟೋಪಿ ಹಾಕಿದ್ದಾನೆ ಎಂದು ನಿಕ್ಕಿಯಾಯಿತು. ಸಿಟ್ಟು ನೆತ್ತಿಗೇರಿತು.

ಐದನೆಯ ದಿನ ಒಬ್ಬಳೇ ಬಸ್ಸು ಹತ್ತಿ ಆ ಊರಿಗೆ ಹೋದೆ. ನೆಟ್ಟಗೆ ಶಾಲೆ ಮುಂದಿನ ಕೈಪಂಪಿಗೆ ಹೋಗಿ, ಹೊಡೆದು, ಬೊಗಸೆಯೊಡ್ಡಿ ಕುಡಿದೆ. ಸವಳು. ನಾಲಿಗೆಗೆ ಉಪ್ಪು ಹತ್ತಿತು. ನನ್ನ ಬಾಟಲಿಯ ನೀರು ಇದಲ್ಲವೇ ಅಲ್ಲ. ಅಷ್ಟರಲ್ಲಿ ವಾಟರ್‌ಮನ್ ಬಂದ, ಸುತ್ತ ಏಳೆಂಟು ಜನ ಹೆಂಗಸರೂ ಕೊಡ ಹಿಡಿದು ನಿಂತಿದ್ದರು. ಅವರ ಮುಂದೆಯೇ ಕೂಗಾಡಿದೆ. ಒಂದು ಕಡೆ ನೀರು ತುಂಬಿ ಮೂರು ಚೀಟಿ ಅಂಟಿಸುತ್ತೀಯಾ, ಮೈಗಳ್ಳ, ಮೋಸಗಾರ ಎಂದೆಲ್ಲ ಅಂದೆ. ಅಪ್ಪನ ವಯಸ್ಸಿನವನಿಗೆ ಏಕವಚನದಲ್ಲಿ.

ಅವನು ಕೋಪಿಸಿಕೊಳ್ಳಲಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಮೈಗಳ್ಳ ಅಂತೀರಲ್ರಿ ಮೇಡಂ? ಒಂದು ಮೈಲು ಸೈಕಲ್ ತುಳದು ಹೊಲದಾಗಿನ ಬಾವಿಂದ ತಂದೀನಿ. ಬೀಗರು ಬಂದಾಗ ನಾವು ತರೋದು ಅದೇ ನೀರು. ನಿಮ್ಮ ಲ್ಯಾಬಿಗಿ ಹೋಗೋ ನೀರು ಅಂದ್ರ ಊರ ಇಜ್ಜತ್ ಅಲ್ಲೇನ್ರಿ? ಈ ಸವಳು ನೀರು ತುಂಬಿ ಮಂದಿ ಕೈಯಾಗ ಕೊಡಾಕ ನಮಗೇನ್ ನಾಚಿಕಿ ಇಲ್ಲೇನು?"

ನಾನು ತೆಂಗಳಿಯ ಒಕ್ಕಲುತನದ ಮನೆಯಲ್ಲಿ ಬೆಳೆದವಳು. ನಮ್ಮವ್ವನೂ ಬಂದವರಿಗೆಂದೇ ಒಂದು ಕೊಡ ಸಿಹಿನೀರು ಬೇರೆ ಎತ್ತಿಡುತ್ತಿದ್ದಳು, ನಾವು ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದಳು. ಮೊನ್ನೆ ಬೆಲ್ಲದ ಜೊತೆ ನಾನು ಕುಡಿದದ್ದೂ ಆ ಬಾವಿಯದೇ. ಎಂ.ಎಸ್ಸಿ. ಓದಿದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ತಪ್ಪಾತು ಕಾಕಾ," ಎಂದೆ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಹೇಳಿದೆ. ಆಮೇಲೆ ಪಂಪಿನ ಹತ್ತಿರವೇ ಕೂತು ತಿಳಿಸಿದೆ: ಲ್ಯಾಬಿಗೆ ಒಳ್ಳೆಯ ನೀರು ಬೇಕಾಗಿಲ್ಲ, ಮಕ್ಕಳು ದಿನಾ ಕುಡಿಯುವ ನೀರೇ ಬೇಕು. ಕಾಕಾ ಪಾನಾ ಕೆಳಗಿಟ್ಟರು. ಆಮೇಲೆ ಪಂಪು ಹೊಡೆದರು. ನಾನು ಗಡಿಯಾರ ನೋಡಿ ಐದು ನಿಮಿಷ ಬಿಟ್ಟೆ, ಬಾಟಲಿ ಮೂರು ಸಲ ತೊಳೆದೆ, ತುಂಬಿದೆ. ಮೂರೂ ಜಾಗದಲ್ಲಿ ಹೀಗೇ ಮಾಡಿದೆವು. ಬಸ್ ಸ್ಟಾಪಿನವರೆಗೆ ಬಾಟಲಿಗಳನ್ನು ಅವರೇ ಹೊತ್ತು ತಂದರು. ರುಮಾಲಿನಲ್ಲಿ ಸುತ್ತಿ, ದಾರಿಯವರಿಗೆ ಕಾಣದಂತೆ.

ಆರನೆಯ ದಿನ ಶಾಲೆ ಪಂಪಿನ ನೀರಿಗೆ ಕೆಂಪು ದ್ರಾವಣ ಹಾಕಿದೆ. ಕಣ್ಣಳತೆಗೇ ತಿಳಿಯಿತು, ಬಣ್ಣ ಇಳಿದುಹೋಯಿತು. ಯಂತ್ರದಲ್ಲಿಟ್ಟು ಓದಿದೆ. ಮಿತಿಗಿಂತ ಎರಡು ಪಟ್ಟು. ನೀರನ್ನು ಅರ್ಧಕ್ಕರ್ಧ ತೆಳು ಮಾಡಿ ಮತ್ತೆ ಓದಿದೆ, ಲೆಕ್ಕ ಅಲ್ಲಿಗೇ ಬಂತು. ಅಗಸಿಯದೂ ಟ್ಯಾಂಕಿನದೂ ಸವಳಾದರೂ ಫ್ಲೋರೈಡ್ ಮಿತಿಯೊಳಗಿತ್ತು. ಕೆಟ್ಟದ್ದು ಒಂದೇ, ಆದರೆ ಮಕ್ಕಳು ದಿನವಿಡೀ ಕುಡಿಯುವುದು ಅದನ್ನೇ. ಸರ್‌ಗೆ ಹಾಳೆ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಒಂದು ವರ್ಷ ನಾವೇನು ಮಾಡ್ಲಿಕತ್ತಿದ್ದೆವೋ ಮಾರಾಯ್ತಿ," ಎಂದರು.

ಅದೇ ಹೊತ್ತಿಗೆ ಕಾರ್ಖಾನೆಯಿಂದ ನಮ್ಮ ಲ್ಯಾಬಿನ ಮುಖ್ಯಸ್ಥರ ಫೋನ್ ಬಂತು. "ಮೇಡಂ, ಡೆಪ್ಯುಟಿ ಪೋಸ್ಟ್ ಖಾಲಿ ಆಗ್ಯದ. ನಿಮ್ಮ ಹೆಸರು ಮ್ಯಾಲ ಕಳಿಸೀನಿ. ಸೋಮವಾರ ಬಂದು ಹೂಂ ಅನ್ರಿ, ಸಾಕು." ದೊಡ್ಡ ಕ್ವಾರ್ಟರ್ಸ್, ಹೆಚ್ಚಿನ ಸಂಬಳ. ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಅತ್ತ ದರಿ ಇತ್ತ ಪುಲಿ ಎಂದು ಕೇಳಿದ್ದೆ. ನನಗೆ ಎರಡೂ ಕಡೆ ಒಳ್ಳೆಯವರೇ ನಿಂತು ಕರೆಯುತ್ತಿದ್ದರು. ಅದು ಇನ್ನೂ ಕಷ್ಟ.

ಎಂಟನೆಯ ದಿನ ವರದಿ ಹಿಡಿದು ಊರಿಗೆ ಹೋದೆವು. ಹೆಂಗಸರನ್ನು, ಶಾಲೆಯ ಮಾಸ್ತರರನ್ನು ಸೇರಿಸಿ ಹೇಳಿದೆ: ಈ ಪಂಪಿನ ನೀರು ಬಳಸಲಿಕ್ಕೆ ಅಡ್ಡಿಯಿಲ್ಲ, ಕುಡಿಯಲಿಕ್ಕೆ, ಅಡಿಗೆಗೆ ಬೇಡ. ಪಂಪಿಗೆ ಕೆಂಪು ಬಣ್ಣ ಬಳಿಯುವುದು, ಶಾಲೆಗೆ ಟ್ಯಾಂಕಿನಿಂದ ಪೈಪು ಎಳೆಯುವುದು, ಅಲ್ಲಿಯವರೆಗೆ ಹೊಲದ ಬಾವಿಯಿಂದ ಮಕ್ಕಳಿಗೆ ನಾಲ್ಕು ಕೊಡ ತರುವುದು ಎಂದು ಮಾತಾಯಿತು. ಬೀಗರು ಬಂದರೆ ಏನು ಕುಡಿಸುವುದು ಎಂದು ಒಬ್ಬ ಮುದುಕಿ ಕೇಳಿದಳು. "ಚಾ ಕುಡಿಸು," ಎಂದು ಇನ್ನೊಬ್ಬಳು ಅಂದಳು, ಎಲ್ಲರೂ ನಕ್ಕರು.

ವಾಟರ್‌ಮನ್ ನಗಲಿಲ್ಲ. ಮಂದಿ ಹೋದ ಮೇಲೆ ಕಟ್ಟೆಯ ಮೇಲೆ ಕುಸಿದು ಕೂತರು.

"ನನ್ನ ಮೊಮ್ಮಗಳೂ ಇದೇ ಸಾಲ್ಯಾಗ ಓದ್ತಾಳ. ಹಲ್ಲು ಹಂಗ್ಯಾಕ ಆಗ್ಯಾವ ಅಂತ ಆಕಿ ಕೇಳ್ತಿದ್ಳು. ಬಾಟ್ಲಿ ತುಂಬಿ ಕಳಸಾಂವ ನಾನ. ಒಂದು ವರ್ಷ ನಾನೇ ಮುಚ್ಚಿಟ್ಟಂಗ ಆತಲ್ಲ, ತಂಗಿ."

"ನೀವಲ್ಲ ಕಾಕಾ. ನಾವು ಕುಂತಲ್ಲೇ ಬಾಟ್ಲಿ ಇಸ್ಕೊಂಡೀವಿ."

ಅವರು ತಲೆಯಾಡಿಸಿದರು. ಸಮಾಧಾನವಾದಂತೆ ಕಾಣಲಿಲ್ಲ. ಬಸ್ಸಿಗೆ ಹೊರಟಾಗ ಹಿಂದಿನಿಂದ ಕೇಳಿದರು: "ಮುಂದಿನ ತಿಂಗಳ ನೀವ ಬರ್ತೀರಿ ಹೌದಿಲ್ಲೋ? ಬ್ಯಾರೆ ಯಾರರ ಬಂದ್ರ ಈ ಕೆಟ್ಟ ನೀರು ಅವರ ಕೈಗಿ ಕೊಡಾಕ ನನಗ ಮನಸ್ ಬರಂಗಿಲ್ಲ. ಮತ್ತ ಬಾವಿಗೇ ಹೋಗ್ತೀನಿ, ನೋಡ್ರಿ."

ಹೂಂ ಎಂದೆ. ಯೋಚಿಸಿ ಅಂದದ್ದಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಸೋಮವಾರ ಮುಖ್ಯಸ್ಥರಿಗೆ ಅನ್ನಬೇಕಿದ್ದ ಹೂಂ ಅನ್ನು ಇಲ್ಲಿ ಖರ್ಚು ಮಾಡಿಬಿಟ್ಟೆ ಎಂದು ಗೊತ್ತಾಯಿತು. ಕಾರ್ಖಾನೆಯಲ್ಲಿ ಎಂಟು ದಿನ ನಾನಿಲ್ಲದೆಯೂ ಬಿಲ್ಲೆ ಒತ್ತುವುದು ನಡೆದಿತ್ತು, ಯಾರೂ ನೀವೇ ಬರುತ್ತೀರಾ ಎಂದು ಕೇಳಿರಲಿಲ್ಲ. ಇದು ಅಹಂಕಾರವೂ ಇರಬಹುದು. ಇದ್ದರೂ ಇರಲಿ, ನನಗೆ ಆ ಪ್ರಶ್ನೆ ಬೇಕಾಗಿತ್ತು.

ಭಾನುವಾರ ಮನೆಯಲ್ಲಿ ಹೇಳಿದೆ. ಊರಿನ ಕಥೆಯನ್ನೂ ಬಿಡದೆ ಹೇಳಿದೆ, ಬೈದದ್ದನ್ನೂ ತಪ್ಪೊಪ್ಪಿಕೊಂಡದ್ದನ್ನೂ ಸೇರಿಸಿ. ನನ್ನವರು ಕೇಳಿಸಿಕೊಂಡು, "ಚಿತ್ತಾಪುರದಾಗ ಬಾಡಿಗಿ ಮನಿ ನೋಡ್ತೀನಿ. ನಾವು ಕೈ ಬಿಗಿ ಹಿಡಿಬೇಕಾಗ್ತದ, ಮೊದಲ ಹೇಳೀನಿ," ಎಂದರು. ಮಗಳು ಪುಸ್ತಕದಿಂದ ತಲೆಯೆತ್ತಿರಲಿಲ್ಲ, ಕೇಳಿಸಿಕೊಂಡಳೋ ಇಲ್ಲವೋ ಎಂದು ನಾನಂದುಕೊಂಡಿದ್ದೆ. ಆಗ ಕೇಳಿದಳು:

"ನಿನಗ ಖುಷಿ ಆಗೋ ಕೆಲಸಕ್ಕ ನಾ ಯಾಕ ನನ್ನ ಸಾಲಿ ಬಿಡ್ಬೇಕು?"

ನ್ಯಾಯವಾದ ಪ್ರಶ್ನೆ. ನಿನ್ನ ಒಳ್ಳೆಯದಕ್ಕೇ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿನಗ ತ್ರಾಸ ಕೊಡ್ಲಿಕತ್ತೀನಿ, ಗೊತ್ತದ ನನಗ," ಎಂದೆ. ಅವಳು ಅತ್ತಳು. ನಾನೂ ಅತ್ತೆ. ನಿರ್ಧಾರ ಬದಲಿಸಲಿಲ್ಲ.

ಸೋಮವಾರ ರಾಜೀನಾಮೆಯ ಫಾರ್ಮು ತುಂಬಿ ಕೊಟ್ಟೆ, ಅದರಲ್ಲಿ ಇಲ್ಲಿನ ಪಗಾರಕ್ಕೊಂದು, ಮುಂದಿನ ಪಗಾರಕ್ಕೊಂದು ಜಾಗವಿತ್ತು. ಕಚೇರಿಯ ಗುಮಾಸ್ತ ಅದನ್ನು ನೋಡಿ ಮೆಲ್ಲಗೆ ಹಿಂದಕ್ಕೆ ತಳ್ಳಿದ. "ಮೇಡಂ, ಉಲ್ಟಾ ಬರದೀರಿ. ಹಳೀ ಪಗಾರದ ಜಾಗಾದಾಗ ಹೊಸಾದು ಬಂದದ." ಸರಿಯಾಗಿಯೇ ಇದೆ ಎಂದೆ. ಅವನು ನನ್ನ ಮುಖ ನೋಡಿ, ಮನೆಯಲ್ಲಿ ಎಲ್ಲ ಆರಾಮಲ್ಲವೇ ಎಂದು ವಿಚಾರಿಸಿದ. ಮುಖ್ಯಸ್ಥರು ಬೇಜಾರು ಮಾಡಿಕೊಂಡರು. ಆದರೂ ಅವರೇ ಓಡಾಡಿ, ಹೊರಗಿನ ಮಕ್ಕಳ ಲೆಕ್ಕದಲ್ಲಿ ಮಗಳು ಹತ್ತನೇ ತರಗತಿ ಅದೇ ಶಾಲೆಯಲ್ಲಿ ಮುಗಿಸಲು ಅನುಮತಿ ಕೊಡಿಸಿದರು. ಚಿತ್ತಾಪುರದಿಂದ ವಾಡಿಗೆ ದಿನಾ ರೈಲಿನಲ್ಲಿ ಹೋಗಿ ಬರಬೇಕು, ಅಷ್ಟೇ. ಅಷ್ಟೇ ಎಂದು ನಾನು ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವವಳು ಅವಳು.

ಈಗ ದಿನಾ ಅವಳನ್ನು ರೈಲು ಹತ್ತಿಸಿ ಬರುತ್ತೇನೆ. ಮೊದಲ ಎರಡು ತಿಂಗಳು ಸ್ಟೇಷನ್ನಿನವರೆಗೆ ಅವಳು ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ನನ್ನ ಕೆಲಸದ ಬಗ್ಗೆಯಂತೂ ಒಂದು ಮಾತು ಕೇಳಿದವಳಲ್ಲ. ತಪ್ಪು ಮಾಡಿದೆನೇ ಎಂದು ಆ ದಾರಿಯಲ್ಲಿ ಎಷ್ಟೋ ಸಲ ಅನ್ನಿಸಿದೆ, ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಮೊನ್ನೆ ರೈಲು ಪ್ಲಾಟ್‌ಫಾರ್ಮಿನಲ್ಲಿ ಹೆಚ್ಚು ಹೊತ್ತು ನಿಂತಿತು. ಮಗಳು ಕಿಟಕಿ ಪಕ್ಕ ಕೂತಿದ್ದಳು, ನಾನು ಕೆಳಗೆ ನಿಂತಿದ್ದೆ. ಅವಳ ಎದುರಿಗೆ ಚಿಂಚೋಳಿ ಕಡೆಯ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನನ್ನತ್ತ ಕೈ ತೋರಿಸಿ ಮಗಳನ್ನು ಕೇಳಿದಳು:

"ನಿಮ್ಮವ್ವ ಏನು ಮಾಡ್ತಾಳವಾ?"

"ನೀರು ನೋಡ್ತಾಳ್ರಿ. ಕುಡೀಬೌದೋ, ಕುಡೀಬಾರ್ದೋ ಹೇಳ್ತಾಳ."

"ಅಯ್ಯ, ಅಷ್ಟಕ್ಕ ಪಗಾರ ಕೊಡ್ತಾರೇನು?"

"ಕಡಿಮಿ ಕೊಡ್ತಾರ್ರಿ," ಎಂದಳು ಮಗಳು, ನನ್ನ ಕಡೆ ನೋಡದೆ.

ರೈಲು ಅಲುಗಿತು. ಮಗಳು ಮುಂದಕ್ಕೆ ಬಾಗಿ ಆ ಹೆಂಗಸನ್ನು ಕೇಳುವುದು ಕಿಟಕಿಯಿಂದ ನನಗೆ ಕೇಳಿಸಿತು:

"ನಿಮ್ಮೂರಾಗ ಯಾವ ನೀರು ಕುಡೀತೀರಿ? ಬೀಗರಿಗಿ ಕೊಡೋದಲ್ರಿ, ನೀವು ಕುಡಿಯೋದು."